ಮಂಡಿನೋವಿನಲ್ಲಿ ಕೊಳವೆಬಾವಿ ನೀರಿನ ಪಾಲೆಷ್ಟು?

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಲವತ್ತು ದಾಟಿದವರ ಮಂಡಿನೋವು, ಬೆನ್ನುನೋವುಗಳಲ್ಲಿ ಶೇಕಡಾ ಇಂತಿಷ್ಟು ಫ್ಲೋರೈಡ್ ನೀರಿನಿಂದಲೇ ಬಂದದ್ದು ಎಂಬ ಅರ್ಥದ ಸುದ್ದಿಗಳು ಬೇಸಿಗೆ ಬಂದಾಗಲೆಲ್ಲ ಜಿಲ್ಲಾ ಪುಟಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳನ್ನು ಓದಿದ ಮೇಲೆ ನನ್ನ ಊರಿನ ಜನ ಅರಳಿಕಟ್ಟೆಯ ಮೇಲೆ ಕೂತು, ‘ಹಾಗಾದರೆ ನಮ್ಮ ಊರಿನಲ್ಲಿ ಮಂಡಿ ಹಿಡಿದಿರುವ ಇಷ್ಟು ಮಂದಿಯಲ್ಲಿ ಯಾರ್ಯಾರದ್ದು ನೀರಿನಿಂದ, ಯಾರ್ಯಾರದ್ದು ವಯಸ್ಸಿನಿಂದ’ ಎಂದು ಕೇಳುತ್ತಾರೆ. ಮೂರು ದಶಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವನೆಂದು ಆ ಪ್ರಶ್ನೆ ಕೊನೆಗೆ ನನ್ನ ಬಳಿ ಬರುತ್ತದೆ. ಅಂಥ ಶೇಕಡಾವಾರು ಅಂಕಿ ಆ ಪ್ರಶ್ನೆಗೆ ಉತ್ತರವೇ ಅಲ್ಲ ಎಂಬುದನ್ನೂ, ಆ ಅಂಕಿ ಹುಟ್ಟುವ ಬಗೆಯನ್ನೂ, ಅದು ಎಷ್ಟು ಸುಲಭವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬುದನ್ನೂ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಸ್ಥಳಾವಕಾಶ ಕೊಡಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀರಿನ ದೋಷವನ್ನು ತಗ್ಗಿಸಿ ತೋರಿಸುವ ಉದ್ದೇಶ ನನಗಿಲ್ಲ. ಬಾಗೇಪಲ್ಲಿ ತಾಲ್ಲೂಕಿನ ನನ್ನ ಹಳ್ಳಿಯಲ್ಲಿ ಸೇದುವ ಬಾವಿ ಬತ್ತಿ, ಕೊಳವೆಬಾವಿಯ ನೀರೇ ಗತಿಯಾದ ಮೇಲೆ ನನ್ನ ತಾಯಿ ಇಪ್ಪತ್ತೈದು ವರ್ಷ ಅದನ್ನೇ ಕುಡಿದರು. ಕಡೆಗಾಲದಲ್ಲಿ ಅವರಿಗೆ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ, ಕತ್ತು ತಿರುಗಿಸಬೇಕಾದರೆ ಮೈಯನ್ನೇ ತಿರುಗಿಸಬೇಕಿತ್ತು. ನಮ್ಮ ಸೀಮೆಗೆ ಹೊಂದಿಕೊಂಡಂತಿರುವ ಆಂಧ್ರದ ಕಡೆ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಫ್ಲೋರೈಡ್ ನೀರಿನಿಂದ ಬರುವ ಈ ಮೂಳೆಯ ಕಾಯಿಲೆಯನ್ನು ವೈದ್ಯರು 1937ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದರು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು ಎನ್ನುತ್ತದೆ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸೈರಿಸಬಹುದು ಎನ್ನುತ್ತದೆ. ಕಲ್ಲಿನ ಪದರಗಳ ನಡುವೆ ಬಹುಕಾಲ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ, ಆದ್ದರಿಂದ ಸಾವಿರ ಅಡಿ ಕೊರೆದ ಕೊಳವೆಬಾವಿಗಳ ನಾಡಿನಲ್ಲಿ ಆ ಮಿತಿ ದಾಟುವುದು ಆಶ್ಚರ್ಯವಲ್ಲ. ನೀರು ಕೆಡುಕು ಮಾಡುತ್ತದೆಯೇ ಎಂಬುದು ಇಲ್ಲಿ ಚರ್ಚೆಯಲ್ಲ. ಎಷ್ಟು ಎಂಬ ಮಾತಿಗೆ ಲೆಕ್ಕ ಹಾಕುವುದು ಹೇಗೆ ಎಂಬುದೇ ಚರ್ಚೆ.

ಅದಕ್ಕೂ ಮುಂಚೆ ಎರಡು ಬಗೆಯ ಕಾಯಿಲೆಗಳನ್ನು ಬೇರೆ ಮಾಡಿಕೊಳ್ಳಬೇಕು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುವ ದಂತ ಫ್ಲೋರೋಸಿಸ್‌ಗೆ ಹೆಸರೇ ಫ್ಲೋರೈಡ್‌ನಿಂದ ಬಂದಿದೆ. ಅದರಲ್ಲಿ ಫ್ಲೋರೈಡ್‌ನ ಪಾಲು ನೂರಕ್ಕೆ ನೂರು, ಅಲ್ಲಿ ಲೆಕ್ಕ ಬೇಕಾಗಿಲ್ಲ. ಕೋಲಾರ ಚಿನ್ನದ ಗಣಿಗಳ ಕಾರ್ಮಿಕರಲ್ಲಿ 1940ರ ದಶಕದಲ್ಲೇ ದಾಖಲಾದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕೂಡ ಹಾಗೆಯೇ: ಕಲ್ಲಿನ ಸಿಲಿಕಾ ದೂಳಿಲ್ಲದೆ ಆ ಕಾಯಿಲೆ ಇಲ್ಲ. ಆದರೆ ಅದೇ ಗಣಿ ಕಾರ್ಮಿಕನಿಗೆ ಬಂದ ಕ್ಷಯ ದೂಳು ಕುಡಿಯದ ಟೈಲರಿಗೂ ಬರುತ್ತದೆ. ದೂಳು ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ನಿಜವಾದರೂ ಪ್ರತಿಯೊಬ್ಬ ಕ್ಷಯರೋಗಿಯ ಮೈಮೇಲೆ ‘ಇದು ದೂಳಿನದು’ ಎಂದು ಬರೆದಿರುವುದಿಲ್ಲ. ಮಂಡಿನೋವು ಈ ಎರಡನೆಯ ಗುಂಪಿಗೆ ಸೇರಿದ್ದು. ವಯಸ್ಸು, ಮೈಭಾರ, ಗದ್ದೆಯಲ್ಲಿ ಬಗ್ಗಿ ಮಾಡಿದ ದುಡಿಮೆ, ಹಳೆಯ ಪೆಟ್ಟು, ಎಲ್ಲವೂ ಅದನ್ನು ತರುತ್ತವೆ. ‘ಪಾಲು’ ಎಂಬ ಲೆಕ್ಕ ಬೇಕಾಗುವುದು ಇಂಥಲ್ಲಿ.

ಲೆಕ್ಕಕ್ಕಾಗಿ ಒಂದು ಹೋಬಳಿಯನ್ನು ಊಹಿಸಿಕೊಳ್ಳೋಣ. ಮುಂದಿನ ಸಂಖ್ಯೆಗಳೆಲ್ಲ ನಾನು ಕಟ್ಟಿದವು, ಯಾವ ಊರಿನವೂ ಅಲ್ಲ. ನಲವತ್ತು ದಾಟಿದವರು 10,000 ಮಂದಿ. ಅವರಲ್ಲಿ 6,000 ಮಂದಿ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದವರು, 4,000 ಮಂದಿ ಬೇರೆ ನೀರು ಕುಡಿದವರು. ಮೊದಲ ಗುಂಪಿನಲ್ಲಿ 1,800 ಮಂದಿಗೆ, ಅಂದರೆ ನೂರಕ್ಕೆ 30 ಮಂದಿಗೆ ಮಂಡಿನೋವು. ಎರಡನೆಯ ಗುಂಪಿನಲ್ಲಿ 600 ಮಂದಿಗೆ, ಅಂದರೆ ನೂರಕ್ಕೆ 15 ಮಂದಿಗೆ. ಇಲ್ಲಿಂದ ನಾಲ್ಕು ಬೇರೆ ಬೇರೆ ಮಾತು ಹೇಳಬಹುದು, ನಾಲ್ಕೂ ಸರಿ. ‘ಅಪಾಯ ಎರಡು ಪಟ್ಟು’ ಎನ್ನಬಹುದು, ಇದು ಸಾಪೇಕ್ಷ ಅಪಾಯ. ‘ನೂರು ಜನಕ್ಕೆ 15 ಮಂದಿ ಹೆಚ್ಚು’ ಎನ್ನಬಹುದು, ಇದು ಅಪಾಯಗಳ ವ್ಯತ್ಯಾಸ. ಆ ನೀರು ಕುಡಿದವರ ಮಂಡಿನೋವಿನಲ್ಲಿ ಅರ್ಧ ಪಾಲು ನೀರಿಗೆ ಸಲ್ಲುತ್ತದೆ ಎನ್ನಬಹುದು. ಇಡೀ ಹೋಬಳಿಯ 2,400 ಪ್ರಕರಣಗಳಲ್ಲಿ 900, ಅಂದರೆ ಶೇ 37.5ರಷ್ಟು ನೀರಿಗೆ ಸಲ್ಲುತ್ತದೆ ಎಂದೂ ಹೇಳಬಹುದು. ಸುದ್ದಿಯ ತಲೆಬರಹದಲ್ಲಿ ಯಾವುದು ಬರುತ್ತದೆ ಎಂಬುದರ ಮೇಲೆ ಓದುಗನಿಗೆ ಹುಟ್ಟುವ ಭಯದ ಪ್ರಮಾಣವೂ ಬದಲಾಗುತ್ತದೆ.

ಕೊನೆಯ ಆ ಶೇ 37.5ಕ್ಕೆ ಸೂತ್ರವನ್ನು ಅಮೆರಿಕದ ಮಾರ್ಟನ್ ಲೆವಿನ್ 1953ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತ ಲೇಖನದಲ್ಲಿ ಕೊಟ್ಟರು. ಸಾಪೇಕ್ಷ ಅಪಾಯದಲ್ಲಿ ಒಂದನ್ನು ಕಳೆಯಿರಿ, ಉಳಿದದ್ದನ್ನು ಆ ನೀರು ಕುಡಿಯುವವರ ಪ್ರಮಾಣದಿಂದ ಗುಣಿಸಿ, ಬಂದ ಗುಣಲಬ್ಧವನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ: 0.6 ಭಾಗಿಸು 1.6. ಇಷ್ಟೇ. ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ, ಒಂದು ವಸ್ತುವಿನ ಕೆಡುಕಿನ ತೀವ್ರತೆ, ಇನ್ನೊಂದು ಅದು ಎಷ್ಟು ಮಂದಿಯನ್ನು ಮುಟ್ಟಿದೆ ಎಂಬುದು. ಆದ್ದರಿಂದ ಚಿಕ್ಕ ಅಪಾಯವೂ ಊರೆಲ್ಲ ಹರಡಿದ್ದರೆ ದೊಡ್ಡ ಪಾಲಾಗುತ್ತದೆ, ಭಾರಿ ಅಪಾಯವೂ ನಾಲ್ಕು ಜನರಿಗೆ ಸೀಮಿತವಾಗಿದ್ದರೆ ಸಣ್ಣ ಪಾಲಾಗಿ ಕಾಣುತ್ತದೆ. ಒಂದು ಜಿಲ್ಲೆಯಲ್ಲಿ ಲೆಕ್ಕ ಹಾಕಿ ಪಡೆದ ಶೇಕಡಾವಾರನ್ನು ಪಕ್ಕದ ಜಿಲ್ಲೆಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಪಾವಗಡದ ಪಾಲು ಬಾಗೇಪಲ್ಲಿಯ ಪಾಲಲ್ಲ.

ಪಟ್ಟು ಮತ್ತು ವ್ಯತ್ಯಾಸ ಎರಡೂ ಒಂದೇ ಕಡೆ ಬೆರಳು ತೋರಿಸಬೇಕೆಂದೇನಿಲ್ಲ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಆರಂಭಿಸಿದ, ವೈದ್ಯರನ್ನೇ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ಇಪ್ಪತ್ತು ವರ್ಷಗಳ ಲೆಕ್ಕದಂತೆ, ಶ್ವಾಸಕೋಶದ ಕ್ಯಾನ್ಸರಿನಿಂದ ವರ್ಷಕ್ಕೆ ಒಂದು ಲಕ್ಷಕ್ಕೆ ಸತ್ತವರು ಸಿಗರೇಟು ಸೇದದವರಲ್ಲಿ 10, ಸೇದುವವರಲ್ಲಿ 140. ಹೃದಯದ ರಕ್ತನಾಳದ ಕಾಯಿಲೆಯಿಂದ ಸತ್ತವರು ಸೇದದವರಲ್ಲಿ 413, ಸೇದುವವರಲ್ಲಿ 669. ಕ್ಯಾನ್ಸರಿನಲ್ಲಿ 14 ಪಟ್ಟು, ಹೃದಯದ ಕಾಯಿಲೆಯಲ್ಲಿ ಬರೀ 1.6 ಪಟ್ಟು. ಆದರೆ ಹೆಚ್ಚುವರಿ ಸಾವು ಕ್ಯಾನ್ಸರಿನಿಂದ 130, ಹೃದಯದಿಂದ 256. ಸಿಗರೇಟು ಬಿಡಿಸಿದರೆ ಉಳಿಯುವ ಜೀವಗಳ ಲೆಕ್ಕದಲ್ಲಿ ಹೃದಯದ ಪಾಲೇ ದೊಡ್ಡದು. ‘ಇಷ್ಟು ಪಟ್ಟು’ ಎಂದು ಮಾತ್ರ ಬರೆಯುವ ವರದಿಗಾರ ಸತ್ಯದ ಈ ಇನ್ನರ್ಧವನ್ನು ಓದುಗನಿಂದ ಮುಚ್ಚಿಟ್ಟಂತಾಗುತ್ತದೆ.

ಈಗ ನನ್ನ ಊಹೆಯ ಹೋಬಳಿಗೆ ಮರಳುತ್ತೇನೆ, ಏಕೆಂದರೆ ನಿಜವಾದ ತೊಡಕು ಇನ್ನು ಬರಬೇಕಷ್ಟೆ. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಒಂದು ವಿಷಯ ಗೊತ್ತು: ಕಿರಿಯರು ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗಿದ್ದಾರೆ, ಊರಿನಲ್ಲಿ ಉಳಿದ ಕಿರಿಯರೂ ಶುದ್ಧ ನೀರಿನ ಘಟಕಕ್ಕೆ ಬೈಕಿನಲ್ಲಿ ಹೋಗಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತಾರೆ. ಮನೆ ಮುಂದಿನ ನಲ್ಲಿಯ ನೀರನ್ನೇ ನೆಚ್ಚಿಕೊಂಡವರು ಹೆಚ್ಚಾಗಿ ವಯಸ್ಸಾದವರು. ಹಾಗಿದ್ದರೆ 6,000 ಮಂದಿಯ ಗುಂಪಿನಲ್ಲಿ ಅರವತ್ತು ದಾಟಿದವರು 4,000, ನಲವತ್ತರಿಂದ ಅರವತ್ತರೊಳಗಿನ ಕಿರಿಯರು 2,000 ಎನ್ನೋಣ. ಬೇರೆ ನೀರಿನ 4,000 ಮಂದಿಯಲ್ಲಿ ಅರವತ್ತು ದಾಟಿದವರು 1,000 ಮಾತ್ರ, ಕಿರಿಯರು 3,000. ಹಿರಿಯರಲ್ಲಿ ಮಂಡಿನೋವು ಕೊಳವೆಬಾವಿ ನೀರಿನವರಿಗೆ ನೂರಕ್ಕೆ 39, ಉಳಿದವರಿಗೆ ನೂರಕ್ಕೆ 30. ಕಿರಿಯರಲ್ಲಿ 12 ಮತ್ತು 10. ಕೂಡಿಸಿ ನೋಡಿ, ಮೊದಲಿನ 1,800 ಮತ್ತು 600 ಹಾಗೆಯೇ ಬರುತ್ತವೆ. ಒಂದು ಅಂಕಿಯೂ ಬದಲಾಗಿಲ್ಲ. ಆದರೆ ಹಿರಿಯರನ್ನು ಹಿರಿಯರೊಂದಿಗೆ, ಕಿರಿಯರನ್ನು ಕಿರಿಯರೊಂದಿಗೆ ಹೋಲಿಸಿದಾಗ ಎರಡು ಪಟ್ಟು ಎಂಬ ಅಪಾಯ 1.3 ಮತ್ತು 1.2 ಪಟ್ಟಿಗೆ ಇಳಿಯುತ್ತದೆ. ಹೆಚ್ಚುವರಿ ಪ್ರಕರಣಗಳು ಹಿರಿಯರಲ್ಲಿ 360, ಕಿರಿಯರಲ್ಲಿ 40, ಒಟ್ಟು 400. ನೀರಿಗೆ ಸಲ್ಲುವ ಪಾಲು ಶೇ 37.5ರಿಂದ ಶೇ 16.7ಕ್ಕೆ ಬಂತು. ಉಳಿದ 500 ಪ್ರಕರಣಗಳನ್ನು ವಯಸ್ಸು ತಂದಿತ್ತು, ನಾವು ನೀರಿನ ಖಾತೆಗೆ ಬರೆದಿದ್ದೆವು.

ಹೀಗೆ ಪದರ ಪದರವಾಗಿ ಬಿಡಿಸಿ ಹೋಲಿಸುವ, ಬಂದ ಫಲಿತಾಂಶಗಳನ್ನು ತೂಕ ಹಾಕಿ ಒಂದುಗೂಡಿಸುವ ವಿಧಾನ 1959ರಿಂದ ಮ್ಯಾಂಟೆಲ್ ಮತ್ತು ಹೆನ್ಸೆಲ್ ಎಂಬಿಬ್ಬರ ಹೆಸರಿನಲ್ಲಿ ಬಳಕೆಯಲ್ಲಿದೆ. ಈಗ ಕಂಪ್ಯೂಟರಿನಲ್ಲಿ ಹಿಂಚಲನ ಮಾದರಿಗಳಿಂದ ಹತ್ತಾರು ಅಂಶಗಳನ್ನು ಒಟ್ಟಿಗೆ ಸರಿದೂಗಿಸುತ್ತಾರೆ. ಇಲ್ಲೊಂದು ತಪ್ಪು ಪಳಗಿದವರ ವರದಿಗಳಲ್ಲೂ ನುಸುಳುತ್ತದೆ. ವಯಸ್ಸನ್ನು ಸರಿದೂಗಿಸಿ ಪಡೆದ ಸಾಪೇಕ್ಷ ಅಪಾಯವನ್ನು ನೇರವಾಗಿ ಲೆವಿನ್ ಸೂತ್ರದೊಳಗೆ ಹಾಕಿಬಿಡುತ್ತಾರೆ. ಆ ಸೂತ್ರ ಕಲಬೆರಕೆ ಇಲ್ಲದ ಸರಳ ಹೋಲಿಕೆಗೆ ಮಾಡಿದ್ದು. ನನ್ನ ಉದಾಹರಣೆಯಲ್ಲಿ ಸರಿದೂಗಿಸಿದ ಅನುಪಾತ ಸುಮಾರು 1.29. ಅದನ್ನು ಲೆವಿನ್ ಸೂತ್ರಕ್ಕೆ ಹಾಕಿದರೆ ಶೇ 14.6 ಬರುತ್ತದೆ, ಸರಿಯಾದ ಉತ್ತರ ಶೇ 16.7. ಓಲ್ಲಿ ಮಿಯೆಟ್ಟಿನೆನ್ 1974ರಲ್ಲಿ ಕೊಟ್ಟ ಇನ್ನೊಂದು ರೂಪವನ್ನು ಬಳಸಿದರೆ ಈ ತೊಂದರೆ ಇಲ್ಲ. ಅದರಲ್ಲಿ ಬೇಕಾದದ್ದು ಜನಸಂಖ್ಯೆಯಲ್ಲಿ ಆ ನೀರು ಕುಡಿಯುವವರ ಪ್ರಮಾಣವಲ್ಲ, ರೋಗಿಗಳಲ್ಲಿ ಆ ನೀರು ಕುಡಿದವರ ಪ್ರಮಾಣ. ಇಲ್ಲಿ ಅದು ನಾಲ್ಕರಲ್ಲಿ ಮೂರು. ಎರಡು ಶೇಕಡಾದ ವ್ಯತ್ಯಾಸ ಸಣ್ಣದು ಎನಿಸಬಹುದು, ಆದರೆ ಜಿಲ್ಲೆಯ ಮಟ್ಟದಲ್ಲಿ ಅದು ಸಾವಿರಾರು ಮಂಡಿಗಳ ಲೆಕ್ಕ.

ಆಸ್ಪತ್ರೆಗೆ ಬಂದ ರೋಗಿಗಳನ್ನೂ ನೋವಿಲ್ಲದವರನ್ನೂ ಆರಿಸಿಕೊಂಡು ಹಿಂದೆ ಯಾವ ನೀರು ಕುಡಿದಿರಿ ಎಂದು ಕೇಳುವ ಕೇಸ್-ಕಂಟ್ರೋಲ್ ಅಧ್ಯಯನಗಳಲ್ಲಿ ನೂರಕ್ಕೆ ಎಷ್ಟು ಎಂಬ ಅಪಾಯವೇ ಸಿಗುವುದಿಲ್ಲ, ಸಿಗುವುದು ಆಡ್ಸ್ ಅನುಪಾತ, ಅಂದರೆ ನೋವಿರುವವರ ಸಂಖ್ಯೆಯನ್ನು ನೋವಿಲ್ಲದವರ ಸಂಖ್ಯೆಯಿಂದ ಭಾಗಿಸಿದಾಗ ಎರಡು ಗುಂಪುಗಳಲ್ಲಿ ಬರುವ ಅಂಕಿಗಳ ಅನುಪಾತ. ಕಾಯಿಲೆ ಅಪರೂಪವಾಗಿದ್ದರೆ ಅದು ಸಾಪೇಕ್ಷ ಅಪಾಯಕ್ಕೆ ತೀರಾ ಹತ್ತಿರ ಇರುತ್ತದೆ ಎಂದು ಜೆರೋಮ್ ಕಾರ್ನ್‌ಫೀಲ್ಡ್ 1951ರಲ್ಲಿ ತೋರಿಸಿದರು. ಕ್ಯಾನ್ಸರಿಗೆ ಆ ಮಾತು ಸರಿ, ಮಂಡಿನೋವು ಅಪರೂಪವೇ? ನೂರಕ್ಕೆ 30 ಮತ್ತು 15 ಇರುವಲ್ಲಿ ಅಪಾಯ 2 ಪಟ್ಟು, ಆಡ್ಸ್ ಅನುಪಾತ 2.43. ಅದನ್ನೇ ‘ಪಟ್ಟು’ ಎಂದು ತಿಳಿದು ಲೆಕ್ಕ ಹಾಕಿದರೆ ಶೇ 37.5 ಹೋಗಿ ಶೇ 46 ಆಗುತ್ತದೆ. ಆರೋಗ್ಯ ತಪಾಸಣಾ ಶಿಬಿರಗಳ ಅಂಕಿಗಳಿಗೆ ಇನ್ನೊಂದು ದೋಷವಿದೆ. ಶಿಬಿರಕ್ಕೆ ಬರುವವರು ನೋವಿರುವವರು, ಅದರಲ್ಲೂ ನೀರಿನ ಮೇಲೆ ಅನುಮಾನ ಇರುವವರು. ಮನೆಯಲ್ಲಿ ಉಳಿದವರನ್ನು ಎಣಿಸದೆ ಆ ಶೇಕಡಾವಾರನ್ನು ಹೋಬಳಿಯದೆಂದು ಹೇಳುವುದು ಸಲ್ಲದು.

ಇದುವರೆಗೆ ಹೇಳಿದ್ದರಲ್ಲಿ ಹೆಚ್ಚಿನವು ಅಂಕಿಯನ್ನು ಹಿಗ್ಗಿಸುವ ತಪ್ಪುಗಳು, ಕುಗ್ಗಿಸುವ ತಪ್ಪುಗಳು ಇನ್ನೂ ಇವೆ. ಇವತ್ತು ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿ ಒಬ್ಬ ವ್ಯಕ್ತಿಯನ್ನು ಇತ್ತ ಅಥವಾ ಅತ್ತ ಹಾಕುತ್ತಾರೆ, ಆದರೆ ಮೂಳೆಯಲ್ಲಿ ಕೂತಿರುವುದು ಇಪ್ಪತ್ತು ಮೂವತ್ತು ವರ್ಷಗಳ ನೀರು. ಈ ನಡುವೆ ಊರಿನ ಕೊಳವೆಬಾವಿ ನಾಲ್ಕು ಸಲ ಬದಲಾಗಿರುತ್ತದೆ, ಸೊಸೆಯಾಗಿ ಬಂದವಳು ತವರಿನಲ್ಲಿ ಬೇರೆ ನೀರು ಕುಡಿದಿರುತ್ತಾಳೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದರಷ್ಟೇ ದಿನಕ್ಕೆ ಎಷ್ಟು ಲೀಟರು ಎಂಬುದೂ ಮುಖ್ಯ. ಏಪ್ರಿಲ್ ಬಿಸಿಲಿನಲ್ಲಿ ಟೊಮೆಟೊ ತೋಟದಲ್ಲಿ ಕೂಲಿ ಮಾಡುವವಳು ಕುಡಿಯುವ ನೀರನ್ನೂ ಅಂಗಡಿಯಲ್ಲಿ ಕೂತವನು ಕುಡಿಯುವ ನೀರನ್ನೂ ಸಮವೆಂದು ಹಿಡಿದರೆ ಲೆಕ್ಕ ಕೆಡುತ್ತದೆ. ಅದೇ ನೀರಿನಲ್ಲಿ ಮುದ್ದೆ, ಸಾರು, ಟೀ ಎಲ್ಲವೂ ಆಗುತ್ತವೆ, ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ. ರೋಗ ಇರುವವರಲ್ಲೂ ಇಲ್ಲದವರಲ್ಲೂ ಒಂದೇ ಪ್ರಮಾಣದಲ್ಲಿ ಹೀಗೆ ತಪ್ಪು ವಿಂಗಡಣೆಯಾದಾಗ ಎರಡು ಗುಂಪುಗಳ ನಡುವಿನ ಅಂತರ ಸಾಮಾನ್ಯವಾಗಿ ಮಸುಕಾಗುತ್ತದೆ, ನಿಜವಾದ ಅಪಾಯ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನನ್ನ ಶೇ 16.7ನ್ನು ಹಿಡಿದುಕೊಂಡು ‘ನೀರಿನದೇನೂ ಅಂಥ ತಪ್ಪಿಲ್ಲ’ ಎಂದು ಯಾರಾದರೂ ಹೇಳಿದರೆ ಈ ಸಾಲುಗಳನ್ನು ಅವರ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಜನರಿಗೆ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಪಾಲುಗಳನ್ನು ಕೂಡಿಸುವ ವಿಷಯ. ಫ್ಲೋರೈಡ್‌ಗೆ ಇಷ್ಟು ಹೋದರೆ ಉಳಿದದ್ದು ವಯಸ್ಸಿಗೆ, ದುಡಿಮೆಗೆ, ಸುಣ್ಣದಂಶದ ಕೊರತೆಗೆ ಎಂದು ಜಮೀನು ಭಾಗ ಮಾಡಿದ ಹಾಗೆ ಭಾಗ ಮಾಡುತ್ತಾರೆ. ಕಾಯಿಲೆಯ ಪಾಲುಗಳು ಹಾಗೆ ಭಾಗವಾಗುವುದಿಲ್ಲ. ಅಮೆರಿಕದ ಕಲ್ನಾರು (ಆಸ್ಬೆಸ್ಟಾಸ್) ಕೆಲಸಗಾರರ ಬಗ್ಗೆ ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಪ್ರಕಟಿಸಿದ ಅಂಕಿಗಳು ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಶ್ವಾಸಕೋಶದ ಕ್ಯಾನ್ಸರಿನ ಸಾವು ಒಂದು ಲಕ್ಷಕ್ಕೆ, ಕಲ್ನಾರೂ ಇಲ್ಲದ ಸಿಗರೇಟೂ ಇಲ್ಲದವರಲ್ಲಿ 11.3, ಕಲ್ನಾರು ಮಾತ್ರ ಇದ್ದವರಲ್ಲಿ 58.4, ಸಿಗರೇಟು ಮಾತ್ರ ಇದ್ದವರಲ್ಲಿ 122.6, ಎರಡೂ ಇದ್ದವರಲ್ಲಿ 601.6. ಎರಡೂ ಇದ್ದವರಿಂದ ಕಲ್ನಾರನ್ನು ತೆಗೆದಿದ್ದರೆ ಸುಮಾರು ಶೇ 80ರಷ್ಟು ಸಾವು ತಪ್ಪುತ್ತಿತ್ತು, ಸಿಗರೇಟನ್ನು ತೆಗೆದಿದ್ದರೆ ಸುಮಾರು ಶೇ 90ರಷ್ಟು ತಪ್ಪುತ್ತಿತ್ತು. ಕೂಡಿಸಿದರೆ 170. ಲೆಕ್ಕ ತಪ್ಪಿಲ್ಲ. ಎರಡೂ ಕೂಡಿ ಕೊಂದ ಮನುಷ್ಯನ ಸಾವನ್ನು ಎರಡರಲ್ಲಿ ಯಾವುದನ್ನು ತೆಗೆದರೂ ತಪ್ಪಿಸಬಹುದಿತ್ತು, ಆದ್ದರಿಂದ ಅವನು ಎರಡು ಖಾತೆಯಲ್ಲೂ ಬರುತ್ತಾನೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಕೆಮ್ಮುತ್ತ ಉಳಿದ ಕಾರ್ಮಿಕನ ವಿಷಯದಲ್ಲಿ ‘ಅವನು ಬೀಡಿ ಸೇದುತ್ತಿದ್ದ’ ಎಂದ ಮಾತ್ರಕ್ಕೆ ದೂಳಿನ ಹೊಣೆ ಕಡಿಮೆಯಾಗುವುದಿಲ್ಲ ಎನ್ನುವುದಕ್ಕೂ ಇದೇ ಆಧಾರ. ಹಾಗೆಯೇ ವಯಸ್ಸು, ಅಪೌಷ್ಟಿಕತೆ ಮತ್ತು ಫ್ಲೋರೈಡ್ ಕೂಡಿ ಬಗ್ಗಿಸಿದ ಬೆನ್ನನ್ನು ‘ವಯಸ್ಸಾಯಿತು’ ಎಂದು ಬದಿಗೆ ಸರಿಸಲು ಬರುವುದಿಲ್ಲ.

ಅರಳಿಕಟ್ಟೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಆ 400 ಮಂದಿ ಯಾರು? ಅವರನ್ನು ಬೆರಳು ಮಾಡಿ ತೋರಿಸಲು ಸಾಧ್ಯವಿಲ್ಲ. ಸೂತ್ರ ಹೇಳುವುದು ಎಲ್ಲರೂ ಬೇರೆ ನೀರು ಕುಡಿದಿದ್ದರೆ ಎಷ್ಟು ಪ್ರಕರಣ ಕಡಿಮೆ ಇರುತ್ತಿದ್ದವು ಎಂಬುದನ್ನು ಮಾತ್ರ. ಹೇಗೂ ಅರವತ್ತೈದಕ್ಕೆ ಬರಬೇಕಿದ್ದ ನೋವು ನೀರಿನಿಂದ ಐವತ್ತಕ್ಕೇ ಬಂದಿದ್ದರೆ, ಎಪ್ಪತ್ತರಲ್ಲಿ ಎಣಿಸಿದಾಗ ಆ ವ್ಯಕ್ತಿ ಹೆಚ್ಚುವರಿಯ ಲೆಕ್ಕಕ್ಕೇ ಬರುವುದಿಲ್ಲ, ಆದರೂ ನೀರು ಅವನ ಹದಿನೈದು ವರ್ಷ ಕಸಿದಿದೆ. ಹೆಚ್ಚುವರಿ ಪಾಲು ಬೇರೆ, ನೀರು ಕೈಯಾಡಿಸಿದ ಪ್ರಕರಣಗಳ ಪಾಲು ಬೇರೆ, ಎರಡನೆಯದು ಮೊದಲನೆಯದಕ್ಕಿಂತ ತುಂಬ ದೊಡ್ಡದಾಗಿರಬಹುದು ಎಂದು ಗ್ರೀನ್‌ಲ್ಯಾಂಡ್ ಮತ್ತು ರಾಬಿನ್ಸ್ 1988ರಲ್ಲಿ ವಿವರವಾಗಿ ತೋರಿಸಿದರು. ಆದ್ದರಿಂದ ಅಪಾಯ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ‘ಅರ್ಧಕ್ಕಿಂತ ಕಡಿಮೆ ಸಾಧ್ಯತೆ, ಪರಿಹಾರ ಇಲ್ಲ’ ಎಂದು ತಳ್ಳಿಹಾಕುವ ವಾದಕ್ಕೆ ಸಂಖ್ಯಾಶಾಸ್ತ್ರದ ಬೆಂಬಲವಿಲ್ಲ. ನನ್ನ ತಾಯಿಯ ನೋವಿನಲ್ಲಿ ನೀರಿನದೆಷ್ಟು, ವಯಸ್ಸಿನದೆಷ್ಟು ಎಂದು ನಾನೂ ಲೆಕ್ಕ ಹಾಕಲಾರೆ.

‘ನೀರು ಬದಲಿಸಿದರೆ ಇಷ್ಟು ನೋವು ಮಾಯ’ ಎಂದೂ ಬರೆಯಬಾರದು. ಮೂಳೆ ಸೇರಿದ ಫ್ಲೋರೈಡ್ ನಾಳೆ ಇಳಿಯುವುದಿಲ್ಲ. ಮೊದಲಿನಿಂದಲೂ ಕುಡಿಯದೆ ಇದ್ದಿದ್ದರೆ ಎಂಬ ಲೆಕ್ಕವೇ ಬೇರೆ, ಇವತ್ತಿನಿಂದ ನಿಲ್ಲಿಸಿದರೆ ಎಂಬ ಲೆಕ್ಕವೇ ಬೇರೆ. ಕರೆಂಟು ಹೋದ ದಿನ, ಘಟಕದ ಫಿಲ್ಟರು ಕೆಟ್ಟ ತಿಂಗಳು ಜನ ಹಳೆಯ ನಲ್ಲಿಗೇ ಮರಳುವುದನ್ನೂ ಎಣಿಸಿದರೆ, ಪೂರ್ತಿ ನಿಂತಿತು ಎಂಬ ಊಹೆಯ ಬದಲು ಎಷ್ಟು ಮಂದಿಯಲ್ಲಿ ಎಷ್ಟರಮಟ್ಟಿಗೆ ಇಳಿಯಿತು ಎಂಬುದನ್ನು ಆಧರಿಸಿ ಲೆಕ್ಕ ಹಾಕಬೇಕು. ಅದಕ್ಕೂ ವಿಧಾನಗಳಿವೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಶೇಕಡಾವಾರು ಪ್ರಕಟಿಸುವಾಗ ಯಾರನ್ನು ಯಾರೊಂದಿಗೆ ಹೋಲಿಸಿದರು, ವಯಸ್ಸನ್ನು ಸರಿದೂಗಿಸಿದ್ದಾರೆಯೇ, ನೂರಕ್ಕೆ ಎಷ್ಟು ಮಂದಿ ಹೆಚ್ಚು, ಅಂದಾಜಿನ ಎರಡು ಬದಿಯ ವಿಶ್ವಾಸ ವ್ಯಾಪ್ತಿ (ನಿಜವಾದ ಅಂಕಿ ಇರಬಹುದಾದ ಮೇಲಿನ, ಕೆಳಗಿನ ಎಲ್ಲೆ) ಎಷ್ಟು ಎಂಬ ನಾಲ್ಕು ವಿವರಗಳನ್ನು ಒಂದೆರಡು ಸಾಲಿನಲ್ಲಾದರೂ ಸೇರಿಸಬೇಕು. ಅಧ್ಯಯನ ಮಾಡಿದವರು ಕೊಡದಿದ್ದರೆ ವರದಿಗಾರರು ಕೇಳಬೇಕು.

ಜಿಲ್ಲಾ ಆಡಳಿತದಲ್ಲಿ ಇನ್ನೊಂದು ಕೋರಿಕೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಅಂತರ್ಜಲ ಬದಲಾಗುತ್ತದೆ, ಮನೆಗಳ ನೀರಿನ ಮೂಲವೂ ಬದಲಾಗುತ್ತಿದೆ. ಯಾವ ಊರಿನ ಯಾವ ಕೊಳವೆಬಾವಿಯನ್ನು ಯಾವ ವರ್ಷ ಎಷ್ಟು ಅಡಿ ಕೊರೆದರು, ಅದರಲ್ಲಿ ಆಗ ಫ್ಲೋರೈಡ್ ಎಷ್ಟಿತ್ತು, ಯಾವ ಬೀದಿಗಳು ಆ ನೀರು ಕುಡಿದವು ಎಂಬ ಕಾಗದಗಳು ಗ್ರಾಮ ಪಂಚಾಯಿತಿಗಳ ಬೀರುಗಳಲ್ಲಿ ಗೆದ್ದಲು ಹಿಡಿಯುವ ಮೊದಲು ಒಂದೆಡೆ ಸೇರಿಸಬೇಕು. ವಾಟರ್‌ಮ್ಯಾನ್‌ಗಳಿಗೆ ಇವುಗಳಲ್ಲಿ ಎಷ್ಟೋ ಬಾಯಿಪಾಠವಾಗಿ ನೆನಪಿವೆ, ಅವರಲ್ಲಿ ಹಲವರಿಗೆ ಈಗ ಎಪ್ಪತ್ತು ದಾಟಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ,
ಬಾಗೇಪಲ್ಲಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ